ಹವಾ ಮಷಿನ್ ಹೊಟ್ಟೆಯೊಳಗೆ ನೀರು ಬಂದದ್ದೆಲ್ಲಿಂದ?

ಯಡ್ರಾಮಿಯಿಂದ ಜೇವರ್ಗಿ ಕಡೆಗೆ ಹೊರಡಿ, ಇಲ್ಲವೇ ಸಿಂದಗಿ ಕಡೆಗೆ ಹೊರಡಿ, ರಸ್ತೆ ಬದಿಗೆ ಪಂಕ್ಚರ್ ಅಂಗಡಿಯೊಂದು ಸಿಕ್ಕೇ ಸಿಗುತ್ತದೆ. ಹೊರಗೆ ಹಳೆಯ ಟೈರು ನೇತುಹಾಕಿರುತ್ತಾರೆ. ಒಳಗೆ ಮೂಲೆಯಲ್ಲಿ ಉದ್ದನೆಯ ಕಬ್ಬಿಣದ ಟ್ಯಾಂಕು ಮಲಗಿರುತ್ತದೆ. ಅದರ ಬೆನ್ನ ಮೇಲೆ ಒಂದು ಮೋಟರು, ಒಂದು ಬೆಲ್ಟು, ಮೈತುಂಬ ಪಟ್ಟಿ ಪಟ್ಟಿ ಇರುವ ಒಂದು ಕಬ್ಬಿಣದ ತಲೆ. ಸ್ವಿಚ್ ಹಾಕಿದರೆ ಡಗಡಗ ಸದ್ದು. ಅದೇ ಕಂಪ್ರೆಸರ್, ನಮ್ಮ ಕಡೆಯವರ ಹವಾ ಮಷಿನ್. ಸೈಕಲ್ಲಿಗೆ, ಬೈಕಿಗೆ, ತೊಗರಿ ಹೇರಿಕೊಂಡು ಬಂದ ಟ್ರ್ಯಾಕ್ಟರಿಗೆ ಹವಾ ತುಂಬುವುದು ಇದೇ.

ಮುಂದಿನ ಸಲ ಹೋದಾಗ ಟ್ಯಾಂಕಿನ ಹೊಟ್ಟೆಯ ಕೆಳಗೆ ಬಗ್ಗಿ ನೋಡಿ. ಅಲ್ಲೊಂದು ಪುಟ್ಟ ನಲ್ಲಿ ಇರುತ್ತದೆ. ಸಂಜೆ ಮುಚ್ಚುವ ಮುಂಚೆ ಅಂಗಡಿಯ ಕಾಕಾ ಅದನ್ನು ಒಂದಿಷ್ಟು ತಿರುವುತ್ತಾರೆ. ಸುಂಯ್ ಎಂದು ಹವಾ ಬರುತ್ತದೆ, ಅದರ ಜೊತೆಗೆ ಚಹಾದ ಬಣ್ಣದ ನೀರೂ ಬರುತ್ತದೆ.

ನಿಂತು ಯೋಚಿಸಬೇಕಾದ ಸಂಗತಿ ಇದು. ಆ ಮಷಿನ್ನಿಗೆ ಯಾರೂ ನೀರು ಹಾಕಿಲ್ಲ. ನೀರು ಹಾಕುವ ಬಾಯಿಯೇ ಅದಕ್ಕಿಲ್ಲ. ಬೆಳಗಿನಿಂದ ಅದು ಒಳಗೆ ಎಳೆದುಕೊಂಡದ್ದು ಬರೀ ಗಾಳಿಯನ್ನು. ಹಾಗಾದರೆ ನೀರು ಎಲ್ಲಿಂದ ಬಂತು? ಟ್ಯಾಂಕು ಸೋರಿ ಮಳೆನೀರು ಹೊಕ್ಕಿತೇ? ಇಲ್ಲ, ಸೋರುವ ಟ್ಯಾಂಕಿನಲ್ಲಿ ಹವಾ ನಿಲ್ಲುವುದೇ ಇಲ್ಲ. ಬನ್ನಿ, ಇಬ್ಬರೂ ಸೇರಿ ಹುಡುಕೋಣ.

ಮೊದಲು ಗಾಳಿಯನ್ನೇ ಒಂದಿಷ್ಟು ಪರಿಚಯ ಮಾಡಿಕೊಳ್ಳೋಣ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಪೆಟ್ಟಿಗೆಯನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳಿ. ನಿಮ್ಮಲ್ಲಿ ಒಬ್ಬಿಬ್ಬರು ಒಳಗೆ ಕುಳಿತುಕೊಳ್ಳಬಹುದು, ಅಷ್ಟು ದೊಡ್ಡದು. ಅದರಲ್ಲಿ ಗಾಳಿ ಬಿಟ್ಟರೆ ಬೇರೇನೂ ಇಲ್ಲ. ಆ ಗಾಳಿಯ ತೂಕ ಎಷ್ಟಿರಬಹುದು? ಒಂದು ಕಿಲೋಗಿಂತ ಹೆಚ್ಚು! ಗಾಳಿಗೆ ತೂಕವೇ ಇಲ್ಲ ಎಂದುಕೊಂಡವರು ಇನ್ನೊಮ್ಮೆ ಓದಿಕೊಳ್ಳಿ. ಅದರಲ್ಲಿ ಬಹುಪಾಲು ಸಾರಜನಕ, ಐದನೆಯ ಒಂದು ಭಾಗದಷ್ಟು ಆಮ್ಲಜನಕ, ಇನ್ನು ಚೂರುಪಾರು ಬೇರೆ ಅನಿಲಗಳು. ಜೊತೆಗೆ ಕಣ್ಣಿಗೆ ಕಾಣದ ಹಾಗೆ ಒಂದಿಷ್ಟು ನೀರು.

ಹೌದು, ನೀರು. ಅಂಗಳದಲ್ಲಿ ಒಣಹಾಕಿದ ಬಟ್ಟೆಯಿಂದ, ಕೆರೆಯಿಂದ, ಗಿಡದ ಎಲೆಗಳಿಂದ, ನಮ್ಮ ಉಸಿರಿನಿಂದ ಹೊರಟ ನೀರು ಎಲ್ಲಿಗೆ ಹೋಯಿತು ಅಂದುಕೊಂಡಿರಿ? ಕಣ ಕಣವಾಗಿ ಬಿಡಿಬಿಡಿಯಾಗಿ ಗಾಳಿಯಲ್ಲೇ ತಿರುಗಾಡುತ್ತಿದೆ. ಹನಿಯಾಗಿದ್ದಾಗ ಕಣ್ಣಿಗೆ ಬೀಳುತ್ತದೆ, ಬಿಡಿಯಾದಾಗ ಬೀಳುವುದಿಲ್ಲ. ಆ ಬಿಡಿ ನೀರಿಗೇ ನೀರಾವಿ ಎಂದು ಹೆಸರು. ಅದು ನಿಮ್ಮ ಮೂಗಿನ ಮುಂದೆಯೇ ಇದೆ, ಈಗ ಇದನ್ನು ಓದುವಾಗಲೂ.

ಎಷ್ಟು ನೀರಾವಿ ಹೀಗೆ ತಿರುಗಾಡಬಹುದು? ಅದಕ್ಕೊಂದು ಮಿತಿ ಇದೆ. ಅದನ್ನು ನಿಮ್ಮ ಶಾಲೆಯ ಕೋಣೆಯ ಹಾಗೆ ಊಹಿಸಿಕೊಳ್ಳಿ. ಕೋಣೆಯಲ್ಲಿ ಇಷ್ಟು ಬೆಂಚು ಅಂತ ಇರುತ್ತದೆ. ಬೆಂಚು ಖಾಲಿ ಇರುವ ತನಕ ಮಕ್ಕಳು ಬಂದು ಕುಳಿತುಕೊಳ್ಳಬಹುದು, ತುಂಬಿದ ಮೇಲೆ ಬಂದವರು ಹೊರಗೆ ನಿಲ್ಲಬೇಕು. ಇಲ್ಲಿ ಮಕ್ಕಳೆಂದರೆ ನೀರಾವಿಯ ಕಣಗಳು. ಹೊರಗೆ ನಿಂತವರು ಒಬ್ಬರ ಕೈ ಒಬ್ಬರು ಹಿಡಿದು ಹನಿಯಾಗುತ್ತಾರೆ.

ಬೆಂಚು ಎಷ್ಟಿರಬೇಕೆಂದು ತೀರ್ಮಾನಿಸುವ ಸಂಗತಿಗಳು ಎರಡೇ. ಒಂದು, ಕೋಣೆ ಎಷ್ಟು ದೊಡ್ಡದು. ಇನ್ನೊಂದು, ಕೋಣೆ ಎಷ್ಟು ಬಿಸಿ. ದೊಡ್ಡ ಕೋಣೆಗೆ ಹೆಚ್ಚು ಬೆಂಚು, ಇದು ಸುಲಭ. ಬಿಸಿಯ ಮಾತು ಸ್ವಲ್ಪ ವಿಚಿತ್ರ. ನಮ್ಮ ಒಂದು ಮೀಟರಿನ ಪೆಟ್ಟಿಗೆಯಲ್ಲಿ 10 ಡಿಗ್ರಿ ಚಳಿ ಇದ್ದರೆ 9 ಗ್ರಾಂ ನೀರಾವಿಗೆ ಮಾತ್ರ ಜಾಗ. 20 ಡಿಗ್ರಿಯಲ್ಲಿ 17 ಗ್ರಾಂಗೆ, 30 ಡಿಗ್ರಿಯಲ್ಲಿ 30 ಗ್ರಾಂಗೆ, ನಮ್ಮ ಏಪ್ರಿಲ್ ಬಿಸಿಲಿನ 40 ಡಿಗ್ರಿಯಲ್ಲಿ 51 ಗ್ರಾಂಗೆ ಜಾಗ ಇರುತ್ತದೆ. ಕೋಣೆ ಅದೇ, ಬಿಸಿ ಏರಿದ ಹಾಗೆ ಬೆಂಚು ಹೆಚ್ಚುತ್ತವೆ. ತಣ್ಣಗಾದ ಹಾಗೆ ಬೆಂಚು ಒಂದೊಂದಾಗಿ ಮಾಯವಾಗುತ್ತವೆ.

ಇನ್ನು ಮಷಿನ್ನಿಗೆ ಬರೋಣ. ಅದರ ಕೆಲಸ ಗಾಳಿಯನ್ನು ಒತ್ತಿ ಒತ್ತಿ ಚಿಕ್ಕ ಜಾಗದಲ್ಲಿ ತುಂಬುವುದು. ಅಂಗಡಿಯವರು ‘100 ಪೌಂಡ್ ಹವಾ’ ಎನ್ನುತ್ತಾರಲ್ಲ, ಅಷ್ಟು ತುಂಬಿದಾಗ ಟ್ಯಾಂಕಿನೊಳಗಿನ ಗಾಳಿ ಹೊರಗಿನದಕ್ಕಿಂತ ಸುಮಾರು ಎಂಟು ಪಟ್ಟು ಒತ್ತೊತ್ತಾಗಿರುತ್ತದೆ. ಎಂಟು ಪೆಟ್ಟಿಗೆ ಗಾಳಿ ಒಂದೇ ಪೆಟ್ಟಿಗೆಯಲ್ಲಿ! ಗಾಳಿಯನ್ನು ಎಷ್ಟು ಪಟ್ಟು ಒತ್ತಿದರೆ ಅದರ ಜಾಗ ಅಷ್ಟು ಪಟ್ಟು ಕಿರಿದಾಗುತ್ತದೆ ಎಂಬ ಈ ಲೆಕ್ಕವನ್ನು ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿ 1662ರಲ್ಲಿ ಪ್ರಕಟಿಸಿದ. ಡೊಂಕಾದ ಗಾಜಿನ ಕೊಳವೆಯೊಳಗೆ ಪಾದರಸ ಸುರಿದು, ಸಿಕ್ಕಿಬಿದ್ದ ಗಾಳಿ ಕುಗ್ಗುವುದನ್ನು ಅಳೆದು ನೋಡಿದ್ದ.

ಕೋಣೆ ಎಂಟನೆಯ ಒಂದು ಭಾಗವಾದರೆ ಬೆಂಚುಗಳೂ ಎಂಟನೆಯ ಒಂದು ಭಾಗವಾದವು. ಆದರೆ ಮಕ್ಕಳು? ಅಷ್ಟೇ ಜನ ಇದ್ದಾರೆ. ಈಗ ಉತ್ತರ ನಿಮ್ಮ ನಾಲಿಗೆಯ ತುದಿಗೆ ಬಂದಿರಬೇಕು.

ಲೆಕ್ಕ ಮಾಡಿಯೇ ನೋಡೋಣ. ಆಗಸ್ಟ್ ತಿಂಗಳ ಒಂದು ಮಳೆಗಾಲದ ದಿನ, 28 ಡಿಗ್ರಿ. ನೂರು ಬೆಂಚಿನಲ್ಲಿ ಎಂಬತ್ತು ತುಂಬಿವೆ ಎನ್ನೋಣ. ಹವಾಮಾನ ವರದಿಯಲ್ಲಿ ‘ತೇವಾಂಶ ಶೇಕಡಾ 80’ ಎಂದು ಹೇಳುವುದು ಇದನ್ನೇ. ಆಗ ನಮ್ಮ ಪೆಟ್ಟಿಗೆಯಲ್ಲಿ ಸುಮಾರು 22 ಗ್ರಾಂ ನೀರಾವಿ ಇರುತ್ತದೆ. ಅದನ್ನು ಎಂಟು ಪಟ್ಟು ಒತ್ತಿ, ಮತ್ತೆ 28 ಡಿಗ್ರಿಗೆ ತಣಿಯಲು ಬಿಟ್ಟರೆ ಉಳಿಯುವ ಜಾಗ ಮೂರೂವರೆ ಗ್ರಾಂಗೆ ಮಾತ್ರ. ಮಿಕ್ಕ 18 ಗ್ರಾಂನಷ್ಟು ನೀರು ಹನಿಯಾಗಿ ಕೆಳಗಿಳಿಯಲೇಬೇಕು. ಅಂದರೆ ಮೂರೂವರೆ ಚಹಾ ಚಮಚ ನೀರು. ಹೀಗೆ ದಿನವಿಡೀ ಎಷ್ಟು ಪೆಟ್ಟಿಗೆ ಗಾಳಿ ಒಳಗೆ ಹೋಗುತ್ತದೋ ಅಷ್ಟು ಸಲ ಇದನ್ನೇ ಕೂಡುತ್ತಾ ಹೋಗಿ.

‘ಬ್ಯಾಸಗಿಯಾಗ ನಮ್ಮೂರ ಹವಾ ಒಣಾ ಒಣಾ ಇರ್ತದಲ್ರಿ, ಆವಾಗ?’ ಎಂದು ಯಾರಾದರೂ ಕೇಳಿದರೆ ನನಗೆ ಬಹಳ ಖುಷಿ. ಏಪ್ರಿಲ್ ಮಧ್ಯಾಹ್ನ, 40 ಡಿಗ್ರಿ, ತೇವಾಂಶ ಬರೀ ಶೇಕಡಾ 20. ತುಟಿ ಒಡೆಯುವಂಥ ಗಾಳಿ. ಆದರೂ ಪೆಟ್ಟಿಗೆಯಲ್ಲಿ 10 ಗ್ರಾಂ ನೀರಾವಿ ಇದೆ. ಒತ್ತಿದ ಮೇಲೆ ಜಾಗ ಇರುವುದು ಆರೂವರೆ ಗ್ರಾಂಗೆ ಮಾತ್ರ. ಹತ್ತಿರ ಹತ್ತಿರ 4 ಗ್ರಾಂ ನೀರು ಹೊರಬೀಳುತ್ತದೆ. ಕೈಗೆ ತಾಗಿದರೆ ಸುಡುವಂಥ ಒಣ ಹವಾದಿಂದಲೂ ನೀರು ಹಿಂಡಬಹುದು! ನನಗಂತೂ ಈ ಲೆಕ್ಕದಷ್ಟು ರುಚಿಯಾದ ಲೆಕ್ಕ ಇನ್ನೊಂದಿಲ್ಲ.

ಇಲ್ಲೊಂದು ಸಣ್ಣ ಗಂಟು ಇದೆ, ಬಿಡಿಸೋಣ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪಿನಿಂದ ಜೋರಾಗಿ ಹವಾ ಹೊಡೆದು ಅದರ ಬುಡ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಹವಾ ಮಷಿನ್ನಿನ ತಲೆಯಿಂದ ಹೊರಡುವ ಗಾಳಿ 150 ಡಿಗ್ರಿಯನ್ನೂ ದಾಟಬಹುದು. ಅದಕ್ಕೇ ಆ ತಲೆಗೆ ಅಷ್ಟೊಂದು ಪಟ್ಟಿ ಮಾಡಿರುವುದು, ಬಿಸಿ ಬೇಗ ಹೊರಗೆ ಹೋಗಲಿ ಎಂದು. ನೀವು ಅದನ್ನು ಮುಟ್ಟಬೇಡಿ. ಅಷ್ಟು ಬಿಸಿ ಇದ್ದಾಗ ಕೋಣೆ ಕಿರಿದಾಗಿದ್ದರೂ ಬೆಂಚು ಸಾಕಷ್ಟು ಇರುತ್ತವೆ. ಹಾಗಾಗಿ ನೀರು ಇನ್ನೂ ಆವಿಯಾಗಿಯೇ ಇರುತ್ತದೆ, ಹನಿಯಾಗುವುದಿಲ್ಲ. ಟ್ಯಾಂಕಿಗೆ ಬಂದು, ನಿಧಾನವಾಗಿ ತಣ್ಣಗಾದ ಮೇಲೆಯೇ ಹನಿ ಬೀಳಲು ಶುರು.

ಈ ಗಂಟು ಬಿಡಿಸಿಕೊಂಡವರಿಗೆ ದೊಡ್ಡವರೂ ತಲೆ ಕೆಡಿಸಿಕೊಳ್ಳುವ ಒಂದು ಒಗಟು ಸುಲಭವಾಗುತ್ತದೆ. ಮನೆಯ ಹಿಂದೆ ಶೆಡ್ಡು ಹಾಕಿಕೊಂಡು ಕಿಟಕಿ ಗ್ರಿಲ್ಲು, ಅಲಮಾರಿ, ಟ್ರೇಲರುಗಳಿಗೆ ಸ್ಪ್ರೇ ಗನ್ನಿನಿಂದ ಬಣ್ಣ ಹೊಡೆಯುವವರನ್ನು ನೀವು ನೋಡಿರಬಹುದು. ಬಣ್ಣದ ಜೊತೆ ನೀರ ಹನಿ ಸಿಡಿದರೆ ಅಲ್ಲಲ್ಲಿ ಗುಳ್ಳೆ ಏಳುತ್ತದೆ. ಅದಕ್ಕೆ ಅವರು ಅಂಗಡಿಗೆ ಹೋಗಿ ನೀರು ಹಿಡಿಯುವ ಫಿಲ್ಟರು ತಂದು ಟ್ಯಾಂಕಿನ ಬಾಯಿಗೇ ಸಿಕ್ಕಿಸುತ್ತಾರೆ. ಆಮೇಲೆ ಹೇಳುತ್ತಾರೆ: ‘ಫಿಲ್ಟರ್ ಹಾಕ್ಸೀನ್ರಿ, ಆದ್ರೂ ನೀರ್ ಬರ್ಲಾಕತ್ತದ!’

ಯಾಕೆ ಹೀಗೆ? ಫಿಲ್ಟರು ಕೆಟ್ಟದ್ದಲ್ಲ. ಈ ಫಿಲ್ಟರಿಗೆ ಹನಿಯನ್ನು ಹಿಡಿಯಲು ಬರುತ್ತದೆ, ಆವಿಯನ್ನು ಹಿಡಿಯಲು ಬರುವುದಿಲ್ಲ. ಮಷಿನ್ನು ಬಿಡುವಿಲ್ಲದೆ ಓಡುತ್ತಿದ್ದಾಗ ಟ್ಯಾಂಕಿನ ಗಾಳಿ ಇನ್ನೂ ಬಿಸಿ ಇರುತ್ತದೆ. ನೀರು ಬೆಂಚಿನ ಮೇಲೆ ಹಾಯಾಗಿ ಕುಳಿತೇ ಫಿಲ್ಟರನ್ನು ದಾಟಿ ಹೋಗುತ್ತದೆ. ಮುಂದೆ ಉದ್ದನೆಯ ಪೈಪಿನಲ್ಲಿ ಗಾಳಿ ತಣ್ಣಗಾಗುತ್ತದೆ, ಬೆಂಚು ಮಾಯವಾಗುತ್ತವೆ, ಹನಿ ಹುಟ್ಟುತ್ತದೆ. ಫಿಲ್ಟರು ಹಿಂದೆಯೇ ಉಳಿಯಿತು, ನೀರು ಗನ್ನಿನ ಬಾಯಿಗೆ ಬಂತು. ಆದ್ದರಿಂದ ಮೊದಲು ಗಾಳಿ ತಣಿಯಬೇಕು, ಆಮೇಲೆ ಫಿಲ್ಟರು ಬರಬೇಕು. ಎಷ್ಟು ದುಡ್ಡಿನ ಫಿಲ್ಟರು ಎನ್ನುವುದಕ್ಕಿಂತ ಎಲ್ಲಿ ಕೂಡಿಸಿದ್ದೀರಿ ಎನ್ನುವುದು ಮುಖ್ಯ ಎಂದೇ ನನ್ನ ತಿಳಿವಳಿಕೆ.

ತಣಿಸುವುದು ಹೇಗೆ? ಬಲು ಸುಲಭ. ಟ್ಯಾಂಕಿನಿಂದ ಹೊರಟ ಗಾಳಿಯನ್ನು ಗೋಡೆಯ ಮೇಲೆ ಇಪ್ಪತ್ತು ಇಪ್ಪತ್ತೈದು ಅಡಿ ಲೋಹದ ಪೈಪಿನಲ್ಲಿ ಸುತ್ತಾಡಿಸಿದರೆ ಸಾಕು. ಕಬ್ಬಿಣ, ತಾಮ್ರ ಎರಡೂ ಬಿಸಿಯನ್ನು ಬೇಗ ಬಿಟ್ಟುಕೊಡುತ್ತವೆ. ಪೈಪು ಒಂದಿಷ್ಟು ಇಳಿಜಾರಾಗಿರಬೇಕು, ತಗ್ಗಿನ ತುದಿಯಲ್ಲಿ ನೀರು ಬಿಡಲು ಒಂದು ನಲ್ಲಿ ಇರಬೇಕು. ಗನ್ನಿಗೆ ಹೋಗುವ ಕವಲನ್ನು ಮಾತ್ರ ಪೈಪಿನ ಮೇಲ್ಭಾಗದಿಂದ ತೆಗೆಯುತ್ತಾರೆ. ಹನಿಗಳು ತಳ ಹಿಡಿದು ಹರಿಯುತ್ತವೆ, ಗಾಳಿ ಮೇಲಿನಿಂದ ಹೋಗುತ್ತದೆ. ಎಷ್ಟು ಚೆಂದದ ಉಪಾಯ ನೋಡಿ, ಇದಕ್ಕೆ ಕರೆಂಟೂ ಬೇಡ. ಮನೆಯ ನೀರಿನ ಬಿಳಿ ಪಿವಿಸಿ ಪೈಪು ಅಗ್ಗ ಎಂದು ಅದನ್ನು ಹಾಕಿದವರನ್ನು ಕಂಡರೆ ತೆಗೆಸಲು ಹೇಳಿ. ಒತ್ತಿದ ಹವಾ ಅದರೊಳಗೆ ಸಿಡಿದರೆ ಚೂರುಗಳು ಚಾಕುವಿನಂತೆ ಹಾರುತ್ತವೆ.

ಈಗ ಫಿಲ್ಟರಿನ ಒಳಗೆ ಇಣುಕೋಣ. ಹೊರಗಿನಿಂದ ನೋಡಿದರೆ ತಲೆ ಮೇಲೆ, ಕೆಳಗೆ ಪಾರದರ್ಶಕ ಬಟ್ಟಲು. ತಲೆಯ ಮೇಲೆ ಒಂದು ಬಾಣದ ಗುರುತು ಇರುತ್ತದೆ, ಗಾಳಿ ಆ ಕಡೆಗೇ ಹರಿಯಬೇಕು. ಒಳಗೆ ಬಂದ ಗಾಳಿಯನ್ನು ಓರೆಯಾದ ಕಂಡಿಗಳು ಗಿರಗಿರ ತಿರುಗಿಸುತ್ತವೆ. ಒದ್ದೆ ಕೊಡೆಯನ್ನು ನೀವು ತಿರುಗಿಸಿದಾಗ ಪಕ್ಕದವರ ಮೈಮೇಲೆ ಹನಿ ಹಾರುತ್ತದಲ್ಲ, ಇಲ್ಲಿಯೂ ನಡೆಯುವುದು ಅದೇ. ಗಾಳಿ ಹಗುರ, ಬೇಗ ತಿರುಗಿಕೊಳ್ಳುತ್ತದೆ. ಹನಿ ಭಾರ, ತಿರುಗಲಾರದೆ ಗೋಡೆಗೆ ಬಡಿದು ಕೆಳಗೆ ಜಾರುತ್ತದೆ. ಬಟ್ಟಲಿನ ತಳದ ಹತ್ತಿರ ಒಂದು ತಟ್ಟೆ ಅಡ್ಡ ಇರುತ್ತದೆ. ಮೇಲಿನ ಸುಂಟರಗಾಳಿ ಕೆಳಗಿನ ನೀರನ್ನು ಮತ್ತೆ ಎತ್ತಿಕೊಂಡು ಹೋಗಬಾರದು ಎಂದು ಈ ಏರ್ಪಾಡು. ಆದ್ದರಿಂದ ನೀರು ಆ ತಟ್ಟೆಯನ್ನು ಮುಟ್ಟುವ ಮುಂಚೆಯೇ ಬಿಟ್ಟುಬಿಡಬೇಕು.

ನೀರು ಬಿಟ್ಟ ಗಾಳಿ ಆಮೇಲೆ ಒಂದು ಜಾಲರಿಯ ಕೊಳವೆಯನ್ನು ಹಾದು ಹೋಗುತ್ತದೆ. ಅಲ್ಲಿ ಸಿಕ್ಕಿಬೀಳುವುದು ಧೂಳು, ತುಕ್ಕು. ಫಿಲ್ಟರಿನ ಡಬ್ಬಿಯ ಮೇಲೆ 40 ಮೈಕ್ರಾನ್, 5 ಮೈಕ್ರಾನ್ ಎಂದು ಬರೆದಿರುತ್ತದೆ. ನಿಮ್ಮ ಅಳತೆಪಟ್ಟಿಯಲ್ಲಿ ಒಂದು ಮಿಲಿಮೀಟರ್ ನೋಡಿ. ಅದನ್ನು ಸಾವಿರ ಹೋಳು ಮಾಡಿದರೆ ಒಂದು ಹೋಳು ಒಂದು ಮೈಕ್ರಾನ್. ನಿಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ನಮ್ಮ ಎರೆ ಹೊಲದ ಮಣ್ಣಿನ ಜೇಡಿಕಣ ಎಷ್ಟು ಗೊತ್ತೇ? 2 ಮೈಕ್ರಾನಿಗಿಂತಲೂ ಸಣ್ಣದು!

ಎರೆಮಣ್ಣಿನ ಮಾತು ಬಂದದ್ದಕ್ಕೆ ಇನ್ನೊಂದು ಫಿಲ್ಟರನ್ನೂ ನೆನೆಯಬೇಕು. ಅದು ಮಷಿನ್ನಿನ ಮೂಗಿನಲ್ಲಿದೆ, ಗಾಳಿ ಒಳಗೆ ಹೋಗುವ ಕಡೆ. ಸ್ಪಂಜು ಅಥವಾ ಮಡಿಕೆ ಮಡಿಕೆಯಾದ ಕಾಗದ ಹಾಕಿರುತ್ತಾರೆ. ಊರಿನಲ್ಲಿ ತೊಗರಿ ರಾಶಿ ನಡೆಯುವ ಕಾಲಕ್ಕೆ ಹೊಟ್ಟು, ದೂಳು ಎಲ್ಲ ಕಡೆ ಹಾರುತ್ತದೆ. ಈ ಫಿಲ್ಟರು ಇಲ್ಲದಿದ್ದರೆ ಆ ದೂಳು ಒಳಗೆ ಹೋಗಿ ಪಿಸ್ಟನ್ನನ್ನು ಉಜ್ಜಿ ಸವೆಸುತ್ತದೆ. ಇದ್ದೂ ಮುಚ್ಚಿಹೋಗಿದ್ದರೆ ಮಷಿನ್ನು ಉಸಿರು ಕಟ್ಟಿ ಇನ್ನಷ್ಟು ಬಿಸಿಯಾಗುತ್ತದೆ. ಬಿಸಿ ಹೆಚ್ಚಾದರೆ ನೀರಾವಿ ಇನ್ನಷ್ಟು ದೂರ ತಪ್ಪಿಸಿಕೊಂಡು ಹೋಗುತ್ತದೆ ಎಂಬುದು ನಿಮಗೀಗ ಗೊತ್ತು. ಎಲ್ಲರೂ ಮರೆಯುವುದು ಈ ಬಡ ಸ್ಪಂಜನ್ನೇ.

ಇಷ್ಟಾದರೂ ಒಂದು ಕಳ್ಳ ಉಳಿದಿದ್ದಾನೆ, ಎಣ್ಣೆ. ಪಿಸ್ಟನ್ ಸಲೀಸಾಗಿ ಓಡಲಿ ಎಂದು ಹಾಕಿದ ಎಣ್ಣೆ ಮಂಜಿನಂತೆ ಗಾಳಿಗೆ ಸೇರುತ್ತದೆ. ಬಣ್ಣದ ಮೇಲೆ ಎಣ್ಣೆ ಬಿದ್ದರೆ ಅಲ್ಲಿ ಬಣ್ಣ ಹಿಡಿಯದೆ ದುಂಡಗೆ ಸರಿದು ನಿಲ್ಲುತ್ತದೆ, ಮೀನಿನ ಕಣ್ಣು ಬಿದ್ದಿದೆ ಎನ್ನುತ್ತಾರೆ. ಈ ಎಣ್ಣೆಹನಿ ಎಷ್ಟೋ ಸಲ ಒಂದು ಮೈಕ್ರಾನಿಗಿಂತ ಸಣ್ಣದು, ಗಿರಗಿರ ತಿರುಗಿಸಿದರೂ ಬೀಳುವುದಿಲ್ಲ. ಅದಕ್ಕೆ ಕೋಲೆಸಿಂಗ್ ಫಿಲ್ಟರು ಎಂಬ ಬೇರೆ ಫಿಲ್ಟರು ಇದೆ. ಒಳಗೆ ಕೂದಲಿಗಿಂತ ತೆಳುವಾದ ಗಾಜಿನ ನಾರುಗಳ ಒತ್ತಾದ ಪದರ. ಮಳೆಯಲ್ಲಿ ಬಸ್ಸಿನ ಕಿಟಕಿ ನೋಡಿದ್ದೀರಲ್ಲ, ಸಣ್ಣ ಹನಿ ಇನ್ನೊಂದನ್ನು ಸೇರಿ, ಮತ್ತೊಂದನ್ನು ಸೇರಿ, ಕೊನೆಗೆ ಭಾರವಾಗಿ ಜರ್ರನೆ ಇಳಿಯುತ್ತದೆ. ನಾರುಗಳ ಮೇಲೆಯೂ ಹಾಗೆಯೇ ಸಣ್ಣ ಹನಿಗಳು ಕೂಡಿ ಕೂಡಿ ದೊಡ್ಡದಾಗಿ ಕೆಳಗಿಳಿಯುತ್ತವೆ.

ಇಲ್ಲೊಂದು ಮೋಜಿನ ಸಂಗತಿ ಹೇಳದೆ ಇರಲಾರೆ. ಇಂಥ ನಾರಿನ ಬಲೆಯಲ್ಲಿ ಹಿಡಿಯಲು ಅತಿ ಕಷ್ಟವಾದ ಕಣ ಯಾವುದು? ಎಲ್ಲಕ್ಕಿಂತ ಸಣ್ಣದು ಎನ್ನುತ್ತೀರಿ, ಅಲ್ಲವೇ? ಅಲ್ಲ! ದೊಡ್ಡ ಕಣ ನೇರವಾಗಿ ಬಂದು ನಾರಿಗೆ ಬಡಿಯುತ್ತದೆ. ತೀರಾ ಸಣ್ಣ ಕಣ ಗಾಳಿಯ ಕಣಗಳಿಂದ ಒದೆ ತಿನ್ನುತ್ತಾ ಅತ್ತಿತ್ತ ತೂರಾಡಿ, ಯಾವುದೋ ನಾರಿಗೆ ತಾನೇ ಹೋಗಿ ಅಂಟಿಕೊಳ್ಳುತ್ತದೆ. ಎರಡರ ನಡುವಿನ, ಸುಮಾರು 0.3 ಮೈಕ್ರಾನಿನ ಆಸುಪಾಸಿನ ಕಣವೇ ಜಾಣ, ಎರಡೂ ಬಲೆ ತಪ್ಪಿಸಿಕೊಂಡು ನುಸುಳುತ್ತದೆ.

ಹಾಗಾದರೆ ಯಾರಿಗೆ ಯಾವುದು ಬೇಕು? ಟೈರಿಗೆ ಹವಾ ಹೊಡೆಯುವ ಪಂಕ್ಚರ್ ಅಂಗಡಿಗೆ ಇದ್ಯಾವುದೂ ಬೇಕಿಲ್ಲ. ಮೂಗಿನ ಸ್ಪಂಜು ಸ್ವಚ್ಛವಿರಲಿ, ದಿನಾ ಟ್ಯಾಂಕಿನ ನೀರು ಬಿಡಲಿ, ಸಾಕು. ನೀರು ಬಿಡದಿದ್ದರೆ ಟ್ಯಾಂಕನ್ನು ಒಳಗಿನಿಂದ ತುಕ್ಕು ತಿನ್ನುತ್ತದೆ. ಚಹಾ ಬಣ್ಣ ಬಂದದ್ದು ಆ ತುಕ್ಕಿನಿಂದಲೇ. ತೆಳುವಾದ ಟ್ಯಾಂಕು ಒಂದು ದಿನ ಒಡೆಯಲೂಬಹುದು. ಲಾರಿ ಚಕ್ರದ ನಟ್ಟು ಬಿಚ್ಚುವ ಹವಾ ಗನ್ನಿಗೆ ನೀರು, ಕಸ ಹಿಡಿಯುವ ಸಾದಾ ಫಿಲ್ಟರು ಸಾಕು. ಆ ಗನ್ನಿಗೆ ಮಾತ್ರ ಹವಾದೊಳಗೆ ತುಸು ಎಣ್ಣೆ ಬೆರೆಸಿ ಕೊಡುತ್ತಾರೆ, ಅದರ ಒಳಗಿನ ಭಾಗಗಳಿಗೆ ಎಣ್ಣೆ ಬೇಕು. ಎಣ್ಣೆ ಓಡಿದ ಆ ಪೈಪನ್ನು ಬಣ್ಣದ ಗನ್ನಿಗೆ ಎಂದೂ ಸಿಕ್ಕಿಸಬಾರದು.

ಬಣ್ಣ ಹೊಡೆಯುವವರಿಗೇ ಪೂರ್ತಿ ಸಾಲು ಬೇಕು. ಮೊದಲು ತಣಿಸುವ ಪೈಪು, ಆಮೇಲೆ ನೀರು ಬೇರ್ಪಡಿಸುವ 5 ಮೈಕ್ರಾನಿನ ಫಿಲ್ಟರು, ಆಮೇಲೆ ಎಣ್ಣೆ ಹಿಡಿಯುವ ಫಿಲ್ಟರು, ಕೊನೆಗೆ ಒತ್ತಡ ಇಳಿಸುವ ರೆಗ್ಯುಲೇಟರು. ಈ ಕ್ರಮ ತಿರುವುಮುರುವು ಮಾಡಬಾರದು. ರೆಗ್ಯುಲೇಟರು ದಾಟಿದ ಗಾಳಿ ಹಿಗ್ಗುತ್ತದೆ, ಕೋಣೆ ದೊಡ್ಡದಾಗುತ್ತದೆ, ಬೆಂಚು ಮತ್ತೆ ಖಾಲಿಯಾಗುತ್ತವೆ. ಹಾಗಾಗಿ ಅಲ್ಲಿಂದ ಮುಂದೆ ಹೊಸ ಹನಿ ಹುಟ್ಟುವ ಭಯ ಕಡಿಮೆ. ಹಿಂಡುವುದನ್ನೆಲ್ಲ ಒತ್ತಡ ಹೆಚ್ಚಿರುವ ಕಡೆಯೇ ಹಿಂಡಿಕೊಳ್ಳುವುದು ಜಾಣತನ. ಗನ್ನಿನ ಬುಡಕ್ಕೆ ಸಿಕ್ಕಿಸುವ ಹೆಬ್ಬೆರಳಿನಷ್ಟು ಫಿಲ್ಟರು ಮಾರುತ್ತಾರೆ. ಅದರ ಮೇಲೆ ನನಗೆ ಹೆಚ್ಚು ಭರವಸೆ ಇಲ್ಲ. ತಪ್ಪಿ ಬಂದ ಒಂದೆರಡು ಹನಿ ಹಿಡಿದೀತು, ಅಷ್ಟೇ.

ಫಿಲ್ಟರಿನ ಗಾತ್ರವನ್ನೂ ನೋಡಬೇಕು. 2 ಎಚ್‌ಪಿ ಮಷಿನ್ನು ನಿಮಿಷಕ್ಕೆ ಆರರಿಂದ ಎಂಟು ಘನ ಅಡಿ ಗಾಳಿ ಕೊಡುತ್ತದೆ. ಒಂದು ಘನ ಅಡಿಯೆಂದರೆ 28 ಲೀಟರ್, ಎರಡು ಬಿಂದಿಗೆ ನೀರು ಹಿಡಿಯುವಷ್ಟು ಜಾಗ. ಫಿಲ್ಟರು ಅದಕ್ಕಿಂತ ಹೆಚ್ಚು ಗಾಳಿಯನ್ನು ತಾಳುವಂಥದ್ದು ಇರಬೇಕು. ಸಣ್ಣದಾದರೆ ಗಾಳಿ ಇಕ್ಕಟ್ಟಿನಲ್ಲಿ ರಭಸವಾಗಿ ನುಗ್ಗಿ, ಹಿಡಿದ ಹನಿಯನ್ನೂ ಕಿತ್ತುಕೊಂಡು ಹೋಗುತ್ತದೆ. ಬಾಯಿ ಕಾಲು ಇಂಚು ಇರುವುದಕ್ಕಿಂತ ಅರ್ಧ ಇಂಚು ಇರುವುದನ್ನೇ ಕೊಳ್ಳುವುದು ಮೇಲು. ಬಟ್ಟಲು ಕೊಳೆಯಾದರೆ ಸಾಬೂನು ನೀರಿನಿಂದ ತೊಳೆಯಬೇಕು. ಥಿನ್ನರ್, ಪೆಟ್ರೋಲ್ ತಾಗಿದರೆ ಆ ಪ್ಲಾಸ್ಟಿಕ್ಕು ಬಿರುಕು ಬಿಟ್ಟು ಒಡೆಯುತ್ತದೆ.

ಆವಿಯನ್ನೇ ಹಿಡಿಯುವವರು ಯಾರೂ ಇಲ್ಲವೇ? ಇದ್ದಾರೆ. ಹೊಸ ಬೂಟಿನ ಡಬ್ಬಿಯಲ್ಲಿ ಪುಟ್ಟ ಚೀಟಿಚೀಲ ಸಿಗುತ್ತದಲ್ಲ, ಒಳಗೆ ಹರಳು ಹರಳಾದ ಕಾಳು, ಮೇಲೆ ‘ತಿನ್ನಬೇಡಿ’ ಎಂಬ ಬರಹ. ಅದು ಸಿಲಿಕಾ ಜೆಲ್. ಕಾಳಿನ ತುಂಬ ಕಣ್ಣಿಗೆ ಕಾಣದ ತೂತುಗಳು. ಒಂದು ಗ್ರಾಂ ಕಾಳಿನ ತೂತುಗಳ ಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 700 ಚದರ ಮೀಟರ್ ಆಗುತ್ತದೆ. ಗಂಡಸರ ಕಬಡ್ಡಿ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಂಥ ಐದು ಅಂಗಳ ಒಂದು ಗ್ರಾಂನಲ್ಲಿ! ಆವಿಯ ಕಣಗಳು ಆ ಗೋಡೆಗೆ ಅಂಟಿಕೊಂಡುಬಿಡುತ್ತವೆ. ಬಣ್ಣ ಬದಲಿಸುವ ಕಾಳೂ ಉಂಟು. ಕೇಸರಿ ಇದ್ದದ್ದು ಹಸಿರಾದರೆ ಹೊಟ್ಟೆ ತುಂಬಿತು ಎಂದು ಅರ್ಥ. ದೊಡ್ಡವರು ಅದನ್ನು ಹದವಾಗಿ ಬಿಸಿ ಮಾಡಿ ಮತ್ತೆ ಬಳಸುತ್ತಾರೆ. ಸಾಲಿನ ಕೊನೆಗೆ ಇದನ್ನಿಟ್ಟರೆ ಬೇಗ ದಣಿಯುವುದಿಲ್ಲ. ಮೊದಲೇ ಇಟ್ಟರೆ ಮಳೆಗಾಲದಲ್ಲಿ ಎಷ್ಟು ಕಾಳು ಹಾಕಿದರೂ ಸಾಲದು.

ದೊಡ್ಡ ಕಾರ್ಖಾನೆಗಳಲ್ಲಿ ಗಾಳಿಯನ್ನು ಫ್ರಿಜ್ಜಿನಂಥ ಯಂತ್ರದಲ್ಲಿ 3 ಡಿಗ್ರಿಯ ಹತ್ತಿರಕ್ಕೆ ತಣಿಸಿ ನೀರು ತೆಗೆಯುತ್ತಾರೆ. ನಮ್ಮದೇ ಜಿಲ್ಲೆಯ ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಿವೆ. ಸಿಮೆಂಟಿನ ದೂಳು ಹೊರಗೆ ಹಾರದಂತೆ ಅದನ್ನು ಉದ್ದುದ್ದ ಬಟ್ಟೆ ಚೀಲಗಳಲ್ಲಿ ಹಿಡಿಯುತ್ತಾರೆ. ಚೀಲಕ್ಕೆ ಅಂಟಿದ ದೂಳನ್ನು ಒತ್ತಿದ ಹವಾದ ಹೊಡೆತದಿಂದ ಝಾಡಿಸುತ್ತಾರೆ. ಆ ಹವಾದಲ್ಲಿ ನೀರಿದ್ದರೆ ಏನಾಗುತ್ತದೆ ಎಂದು ನೀವೇ ಹೇಳಿ. ಸಿಮೆಂಟಿಗೆ ನೀರು ಬಿದ್ದರೆ ಚೀಲದ ಮೇಲೆಯೇ ಗಾರೆ!

ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಹವಾ ಪೈಪಿನ ಬಾಯಿಯನ್ನು ಆಟಕ್ಕೂ ಯಾರ ಕಡೆಗೂ ಹಿಡಿಯಬೇಡಿ. ಕಣ್ಣು, ಕಿವಿ, ಬಾಯಿ, ಮೈ ಯಾವುದರ ಹತ್ತಿರವೂ ಬೇಡ. ಅದು ಚರ್ಮವನ್ನೇ ತೂರಿ ಒಳಗೆ ಹೋಗಬಲ್ಲದು, ಜೀವಕ್ಕೂ ಅಪಾಯ. ಟ್ಯಾಂಕಿನ ನಲ್ಲಿ ತಿರುವುವುದು ಕಾಕಾನ ಕೆಲಸ, ನೀವು ದೂರ ನಿಂತು ನೋಡಿ.

ನಿಮ್ಮ ಪಾಲಿನ ಕೆಲಸ ಬೇರೆ ಇದೆ, ಅದನ್ನು ಶಾಲೆಯಲ್ಲೇ ಮಾಡಬಹುದು. ಹೊರಮೈ ಒಣಗಿರುವ ಸ್ಟೀಲ್ ಗ್ಲಾಸಿನಲ್ಲಿ ಅರ್ಧ ನೀರು ಹಾಕಿ, ಗುರುಗಳನ್ನು ಕೇಳಿ ಪ್ರಯೋಗಾಲಯದ ಥರ್ಮಾಮೀಟರ್ ಅದರೊಳಗೆ ಇಡಿ. ಐಸ್ ಚೂರು ಒಂದೊಂದೇ ಹಾಕುತ್ತಾ ನಿಧಾನವಾಗಿ ಕಲಕಿ. ಗ್ಲಾಸಿನ ಹೊರಮೈ ಮಬ್ಬಾದ ಕ್ಷಣಕ್ಕೆ ಥರ್ಮಾಮೀಟರ್ ಓದಿ ಬರೆದುಕೊಳ್ಳಿ. ಆ ಅಂಕಿಗೆ ಇಬ್ಬನಿ ಬಿಂದು ಎನ್ನುತ್ತಾರೆ. ಅಷ್ಟು ತಣಿದಾಗ ಬೆಂಚೆಲ್ಲ ತುಂಬಿಹೋದವು ಎಂದರ್ಥ. ನಾವು ಮೇಲೆ ಲೆಕ್ಕಕ್ಕೆ ತೆಗೆದುಕೊಂಡಂಥ ಏಪ್ರಿಲ್ ದಿನ ಅದು 13 ಡಿಗ್ರಿಯ ಸುತ್ತ ಬರಬೇಕು, ಆಗಸ್ಟ್ ದಿನ 24ರ ಸುತ್ತ. ನಿಮ್ಮ ಶಾಲೆಯಲ್ಲಿ ಎಷ್ಟು ಬಂತು ಎಂದು ತಿಂಗಳಿಗೊಮ್ಮೆ ದಿನಾಂಕ ಹಾಕಿ ಬರೆದಿಡಿ. ಮುಂದೆ ಯಾರಾದರೂ ಬಣ್ಣದ ಶೆಡ್ಡಿನವರು ‘ಈ ತಿಂಗಳು ಹವಾದಾಗ ನೀರು ಎಷ್ಟದ?’ ಎಂದು ಕೇಳಿದರೆ ಆ ಪಟ್ಟಿಯನ್ನು ತೋರಿಸಿ.